ತಿರುಗಿದ ಬೆಳಕು, ಕಾಣದ ಸುರುಳಿ: ಬಳ್ಳಾರಿಯ ಒಂದು ಪಾಲಿಮರ್ ಪ್ರಯೋಗಾಲಯದ ಪ್ರಕರಣ

ಒಂದೇ ತಯಾರಿಕೆಯ ನ್ಯಾನೋಕಣಗಳ ಬಗ್ಗೆ ಎರಡು ಉಪಕರಣಗಳು ಪರಸ್ಪರ ವಿರುದ್ಧವಾದ ಸಾಕ್ಷ್ಯ ನುಡಿದ ಪ್ರಸಂಗ ಇದು. ಬಳ್ಳಾರಿಯ ಒಂದು ರಸಾಯನಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಸುರುಳಿ ಆಕಾರದ ಪಾಲಿಅಸಿಟಿಲೀನ್ ಮತ್ತು ಕಬ್ಬಿಣದ ಆಕ್ಸೈಡ್ ಎರಡನ್ನೂ ಒಂದೇ ಕಣದಲ್ಲಿ ಕೂಡಿಸಿದ ಹೈಬ್ರಿಡ್ ಪದಾರ್ಥವನ್ನು ತಯಾರಿಸಿದ್ದರು. ವಿಭಾಗದ ಪೋಲರಿಮೀಟರ್ ಆ ಕಣಗಳು ಧ್ರುವೀಕೃತ ಬೆಳಕಿನ ತಲವನ್ನು ಬಲವಾಗಿ ತಿರುಗಿಸುತ್ತವೆ ಎಂದಿತು, ಅಂದರೆ ಒಂದೇ ದಿಕ್ಕಿನ ಸುರುಳಿ ಇದೆ ಎಂಬ ಸೂಚನೆ. ಅದೇ ಕಣಗಳನ್ನು ಒಣಗಿಸಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಒಯ್ದು ಅಲ್ಲಿಯ ಒಂದು ಉಪಕರಣ ಕೇಂದ್ರದಲ್ಲಿ ಸರ್ಕ್ಯುಲರ್ ಡೈಕ್ರೋಯಿಸಂ, ಅಂದರೆ ಬೆಳಕಿನ ಹೀರಿಕೆಯಿಂದ ಸುರುಳಿಯ ದಿಕ್ಕನ್ನು ಗುರುತಿಸುವ ಸಿ.ಡಿ. ಅಳತೆ ಮಾಡಿಸಿದಾಗ ಬಂದ ರೇಖೆ ಬಯಲುಸೀಮೆಯ ಹೊಲದಂತೆ ಸಪಾಟಾಗಿತ್ತು. ಸುರುಳಿಯ ಗುರುತೇ ಇಲ್ಲ ಎಂಬುದು ಆ ವರದಿಯ ಅರ್ಥ. ಮಾರ್ಗದರ್ಶಕರು ಎರಡೂ ಕಾಗದಗಳನ್ನು ನನ್ನ ಮುಂದಿಟ್ಟು ಅಭಿಪ್ರಾಯ ಕೇಳಿದರು. ವಿದ್ಯಾರ್ಥಿನಿಯ ಪ್ರಶ್ನೆ ಇನ್ನೂ ನೇರವಾಗಿತ್ತು: "ಇಷ್ಟು ತಿರುಗಿಸಿದ್ದು ಸುಳ್ಳಾ ಸರ್, ಇಲ್ಲಾ ಬೆಂಗಳೂರಿನೋರು ಅಳೆದಿದ್ದು ತಪ್ಪಾ?"

ಪರಿಶೀಲನೆ ಮುಗಿದಾಗ ಸಿಕ್ಕ ಉತ್ತರ ಈ ಎರಡೂ ಅಲ್ಲ. ಪೋಲರಿಮೀಟರ್ ಸರಿಯಾಗಿಯೇ ಓದಿತ್ತು, ಆದರೆ ಅದು ಓದಿದ್ದು ಕಣವನ್ನಲ್ಲ. ಸಿ.ಡಿ. ಉಪಕರಣವೂ ಸರಿಯಾಗಿಯೇ ಓದಿತ್ತು, ಆದರೆ ಅದರ ಮುಂದೆ ಇಟ್ಟ ದ್ರಾವಣದಲ್ಲಿ ಸುರುಳಿ ಆಗಲೇ ಬಿಚ್ಚಿಕೊಂಡಿತ್ತು. ಇದು ಹೇಗೆ ಎಂಬುದನ್ನು ಬಿಡಿಸಿ ಹೇಳಬೇಕಾದರೆ ತಯಾರಿಕೆಯಿಂದಲೇ ಆರಂಭಿಸಬೇಕಾಗುತ್ತದೆ.

ತಯಾರಿಕೆ

ಆರಿಸಿಕೊಂಡ ಮಾನೋಮರ್, ಅಂದರೆ ಪಾಲಿಮರ್ ಸರಪಳಿಯ ಒಂದೊಂದು ಕೊಂಡಿಯಾಗುವ ಸಣ್ಣ ಅಣು, ಅಲನಿನ್ ಎಂಬ ಅಮೈನೋ ಆಮ್ಲದಿಂದ ಬಂದದ್ದು. ಅಲನಿನ್ ಎಲ್ ಮತ್ತು ಡಿ ಎಂಬ, ಒಂದಕ್ಕೊಂದು ಕನ್ನಡಿ ಬಿಂಬದಂಥ ಎರಡು ರೂಪಗಳಲ್ಲಿರುತ್ತದೆ. ಎಲ್-ಅಲನಿನ್‌ನ ಅಮೈನೋ ತುದಿಗೆ ಟರ್ಷಿಯರಿ ಬ್ಯೂಟಾಕ್ಸಿಕಾರ್ಬೊನಿಲ್ ಎಂಬ ರಕ್ಷಣಾ ಗುಂಪನ್ನು ಕಟ್ಟಿದ ಪದಾರ್ಥ, ರಸಾಯನಜ್ಞರ ಬಾಯಲ್ಲಿ ಬಾಕ್-ಅಲನಿನ್, ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಅದರ ಆಮ್ಲದ ತುದಿಯನ್ನು ಐಸೊಬ್ಯೂಟೈಲ್ ಕ್ಲೋರೋಫಾರ್ಮೇಟ್‌ನಿಂದ ಚುರುಕುಗೊಳಿಸಿ ಪ್ರೊಪಾರ್ಜಿಲ್ ಅಮೀನ್ ಜೊತೆ ಕೂಡಿಸಿದರೆ ಒಂದು ತುದಿಯಲ್ಲಿ ಅಸಿಟಿಲೀನ್‌ನ ತ್ರಿಬಂಧವೂ ನಡುವೆ ಅಮೈಡ್ ಗುಂಪೂ ಇರುವ ಬಿಳಿ ಘನ ಪದಾರ್ಥ ದೊರೆಯುತ್ತದೆ. ಜಪಾನಿನ ಕ್ಯೋಟೊದಲ್ಲಿ ಮಸುದಾ ಅವರ ತಂಡ ಇಂಥ ಅಮೈನೋ ಆಮ್ಲ ಮೂಲದ ಪಾಲಿಅಸಿಟಿಲೀನ್‌ಗಳನ್ನು ವಿವರವಾಗಿ ಅಧ್ಯಯನ ಮಾಡಿದೆ. ಇಂಥ ಪಾಲಿಮರ್‌ಗಳನ್ನು ನೀರಿನಲ್ಲಿ ನ್ಯಾನೋಕಣಗಳಾಗಿ ತಯಾರಿಸುವ ಮತ್ತು ಸಿಲಿಕಾ, ಕಬ್ಬಿಣದ ಆಕ್ಸೈಡ್ ಮುಂತಾದ ಅಜೈವಿಕ ಪದಾರ್ಥಗಳೊಂದಿಗೆ ಬೆಸೆಯುವ ಕೆಲಸದಲ್ಲಿ ಬೀಜಿಂಗ್‌ನ ಡೆಂಗ್ ಅವರ ತಂಡದ ಹೆಸರು ಮುಂಚೂಣಿಯಲ್ಲಿದೆ.

ಈ ಪಾಲಿಮರ್ ಸುರುಳಿಯಾಗುವುದು ಏಕೆ? ಅಸಿಟಿಲೀನ್ ಮಾನೋಮರ್‌ಗಳು ಒಂದಕ್ಕೊಂದು ಸೇರಿದಾಗ ಉಂಟಾಗುವ ಬೆನ್ನೆಲುಬಿನಲ್ಲಿ ಏಕಬಂಧ ಮತ್ತು ದ್ವಿಬಂಧಗಳು ಸರದಿಯಲ್ಲಿ ಬರುತ್ತವೆ. ರೋಡಿಯಂ ಲೋಹದ ಕ್ರಿಯಾವರ್ಧಕವನ್ನು ಬಳಸಿದರೆ ಬಹುಪಾಲು ಎಲ್ಲ ದ್ವಿಬಂಧಗಳೂ ಸಿಸ್ ರೂಪದಲ್ಲಿಯೇ, ಅಂದರೆ ಸರಪಳಿಯ ಹಿಂದಿನ ಮತ್ತು ಮುಂದಿನ ಭಾಗಗಳು ದ್ವಿಬಂಧದ ಒಂದೇ ಬದಿಗಿರುವಂತೆ, ಬೆಳೆಯುತ್ತವೆ. ಆ ರೂಪದಲ್ಲಿ ಪಕ್ಕದ ಗುಂಪುಗಳು ಒಂದರ ಮೈ ಮೇಲೊಂದು ಒತ್ತುವುದರಿಂದ ಸರಪಳಿ ಸಪಾಟಾಗಿರಲಾರದೆ ತಿರುಚಿಕೊಳ್ಳುತ್ತದೆ, ಮತ್ತು ಆ ತಿರುಚನ್ನು ಅಮೈಡ್ ಗುಂಪುಗಳ ನಡುವಿನ ಹೈಡ್ರೋಜನ್ ಬಂಧಗಳು ಹಿಡಿದಿಡುತ್ತವೆ. ಸರಪಳಿ ಎಡಕ್ಕೆ ಸುತ್ತಬೇಕೋ ಬಲಕ್ಕೋ ಎಂಬುದನ್ನು ಮಾತ್ರ ಅಲನಿನ್‌ನ ಕೈರಲ್, ಅಂದರೆ ಎಡ-ಬಲ ಭೇದವುಳ್ಳ, ಇಂಗಾಲ ನಿರ್ಧರಿಸುತ್ತದೆ. ಆ ಇಂಗಾಲವಿಲ್ಲದಿದ್ದರೂ ಸುರುಳಿ ಉಂಟಾಗಬಹುದು, ಆದರೆ ಆಗ ಎಡಸುರುಳಿ ಮತ್ತು ಬಲಸುರುಳಿ ಸಮಸಮ ಇರುವುದರಿಂದ ಹೊರಗಿನಿಂದ ನೋಡುವವರಿಗೆ ಒಟ್ಟು ಲೆಕ್ಕ ಸೊನ್ನೆ. ಈ ಭೇದ ಮುಂದೆ ಪ್ರಕರಣದ ಇತ್ಯರ್ಥಕ್ಕೆ ಬೇಕಾಗುತ್ತದೆ: ಸುರುಳಿ ಇದೆಯೇ ಎಂಬುದು ಒಂದು ಪ್ರಶ್ನೆ, ಅದು ಒಂದೇ ದಿಕ್ಕಿನದೇ ಎಂಬುದು ಬೇರೆಯೇ ಪ್ರಶ್ನೆ.

ಮನುಷ್ಯ ತಯಾರಿಸಿದ ಪಾಲಿಮರ್‌ಗಳಲ್ಲಿ ಸುರುಳಿ ಹೊಸದಲ್ಲ. ಇಟಲಿಯ ನಾಟ್ಟಾ 1955ರಲ್ಲಿಯೇ ಐಸೊಟ್ಯಾಕ್ಟಿಕ್ ಪಾಲಿಪ್ರೊಪಿಲೀನ್ ತನ್ನ ಹರಳಿನಲ್ಲಿ ಸುರುಳಿಯಾಗಿರುತ್ತದೆ ಎಂದು ತೋರಿಸಿದ್ದರು. ಆದರೆ ಹರಳು ಕರಗಿದರೆ ಆ ಸುರುಳಿಯೂ ಹೋಗುತ್ತದೆ. ದ್ರಾವಣದಲ್ಲಿಯೂ ಒಂದೇ ದಿಕ್ಕಿನ ಸುತ್ತನ್ನು ಉಳಿಸಿಕೊಳ್ಳುವ ಪಾಲಿಮರ್ ತಯಾರಿಸಲು 1970ರ ದಶಕ ಬರಬೇಕಾಯಿತು. 1974ರಲ್ಲಿ ನೆದರ್ಲೆಂಡ್ಸ್‌ನ ನೋಲ್ಟೆ ಮತ್ತು ಸಂಗಡಿಗರು ಪಾಲಿಐಸೊಸಯನೈಡ್‌ನ ಎಡ ಮತ್ತು ಬಲ ಸುರುಳಿಗಳನ್ನು ಬೇರ್ಪಡಿಸಿದರು, 1979ರಲ್ಲಿ ಜಪಾನಿನ ಒಕಾಮೊಟೊ ಮತ್ತು ಯೂಕಿ ಮೆಥಾಕ್ರಿಲೇಟ್ ಜಾತಿಯ ಪಾಲಿಮರ್‌ನಲ್ಲಿ ಅದನ್ನು ಸಾಧಿಸಿದರು. ಅವರ ಪಾಲಿಮರ್‌ಗಳ ಸುರುಳಿ ಗಟ್ಟಿ, ಸುಲಭಕ್ಕೆ ಬಿಚ್ಚುವಂಥದ್ದಲ್ಲ. ನಮ್ಮ ಪ್ರಕರಣದ ಪಾಲಿಅಸಿಟಿಲೀನ್ ಹಾಗಲ್ಲ. ಅದರ ಸುರುಳಿ ಹೈಡ್ರೋಜನ್ ಬಂಧಗಳ ಆಸರೆಯಲ್ಲಿ ನಿಂತದ್ದು, ಆಸರೆ ಸರಿದರೆ ಬಿಚ್ಚುತ್ತದೆ, ಆಸರೆ ಮರಳಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಈ ಗುಣವನ್ನು ಗಮನಿಸದೆ ಅಳತೆ ಮಾಡಲು ಹೋದದ್ದೇ ತಕರಾರಿನ ಅರ್ಧ ಭಾಗ.

ಕಬ್ಬಿಣದ ಭಾಗವನ್ನು ಬೇರೆಯಾಗಿ ತಯಾರಿಸಲಾಗಿತ್ತು. ಫೆರಿಕ್ ಮತ್ತು ಫೆರಸ್ ಲವಣಗಳನ್ನು 2:1 ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ, ನೈಟ್ರೋಜನ್ ಹಾಯಿಸುತ್ತ ಅಮೋನಿಯಾ ಸುರಿದರೆ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಕೆಳಗಿಳಿಯುತ್ತದೆ. ಮಸಾರ್ಟ್ 1981ರಲ್ಲಿ ಪ್ರಕಟಿಸಿದ ಈ ವಿಧಾನದಿಂದ ಸುಮಾರು 10 ನ್ಯಾನೋಮೀಟರ್ ಗಾತ್ರದ ಕಣಗಳು ಸಿಗುತ್ತವೆ. ಅವುಗಳಿಗೆ ಓಲಿಯಿಕ್ ಆಮ್ಲದ ಲೇಪ ಕೊಟ್ಟರೆ ನೀರನ್ನು ಬಿಟ್ಟು ಎಣ್ಣೆಯಂಥ ದ್ರಾವಕಗಳಲ್ಲಿ ಹರಡಿಕೊಳ್ಳುತ್ತವೆ. ಪಕ್ಕದಲ್ಲೇ ಸಂಡೂರಿನ ಗುಡ್ಡಗಳಿರುವಾಗ ಪೇಟೆಯಿಂದ ಕಬ್ಬಿಣದ ಲವಣ ಕೊಳ್ಳುವುದೇಕೆ ಎಂದು ವಿಭಾಗಕ್ಕೆ ಬಂದವರೆಲ್ಲ ಕೇಳುವುದುಂಟು. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟ್. ಅದನ್ನು ಆಮ್ಲದಲ್ಲಿ ಕರಗಿಸಿ, ಶುದ್ಧಗೊಳಿಸಿ, ಒಂದು ಪಾಲನ್ನು ಫೆರಸ್ ಸ್ಥಿತಿಗೆ ಇಳಿಸಿ ಬಳಸಲು ಸಾಧ್ಯವಿದೆ, ಆದರೆ ಗ್ರಾಂಗಳ ಲೆಕ್ಕದ ಕೆಲಸಕ್ಕೆ ಆ ಸುತ್ತು ದಾರಿ ಯಾರಿಗೂ ಬೇಡ.

ಇವೆರಡನ್ನೂ ಸೇರಿಸಿದ್ದು ಮಿನಿಎಮಲ್ಷನ್ ಎಂಬ ವಿಧಾನದಲ್ಲಿ. ಮಾನೋಮರ್, ಲೇಪಿತ ಮ್ಯಾಗ್ನೆಟೈಟ್ ಮತ್ತು ಸ್ವಲ್ಪ ಹೆಕ್ಸಾಡೆಕೇನ್ ಸೇರಿಸಿದ ಕ್ಲೋರೋಫಾರ್ಮ್ ದ್ರಾವಣವನ್ನು ಸೋಡಿಯಂ ಡೊಡೆಸಿಲ್ ಸಲ್ಫೇಟ್ ಬೆರೆಸಿದ ನೀರಿಗೆ ಹಾಕಿ, ಅಲ್ಟ್ರಾಸೋನಿಕ್ ಪ್ರೋಬ್‌ನಿಂದ ಬಡಿದರೆ ನೂರಾರು ನ್ಯಾನೋಮೀಟರ್ ಮಟ್ಟದ ಸೂಕ್ಷ್ಮ ಹನಿಗಳು ಉಂಟಾಗುತ್ತವೆ. ಹೆಕ್ಸಾಡೆಕೇನ್ ನೀರಿನಲ್ಲಿ ಕರಗದ ಕಾರಣ ಸಣ್ಣ ಹನಿಯ ಸರಕು ದೊಡ್ಡ ಹನಿಗೆ ಸೋರಿಹೋಗುವುದನ್ನು ತಡೆಯುತ್ತದೆ. ಅನಂತರ ರೋಡಿಯಂ ಕ್ರಿಯಾವರ್ಧಕವನ್ನು ಸೇರಿಸಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಪ್ರತಿ ಹನಿಯೂ ತಾನೇ ಒಂದು ಪುಟ್ಟ ಪಾತ್ರೆಯಾಗಿ, ಅದರೊಳಗೆ ಪಾಲಿಮರ್ ಬೆಳೆಯುತ್ತದೆ. ನೀರು, ಗಾಳಿಯ ತೇವ ಎಂದರೆ ಕೆಟ್ಟುಹೋಗುವ ಲೋಹದ ಕ್ರಿಯಾವರ್ಧಕಗಳೇ ಹೆಚ್ಚು. ರೋಡಿಯಂ ನೀರಿನ ನಡುವೆಯೂ ಕೆಲಸ ಮಾಡುತ್ತದೆ ಎಂಬ ಕಾರಣಕ್ಕೇ ಈ ದಾರಿ ತೆರೆದುಕೊಂಡದ್ದು. ಅದರ ಬೆಲೆ ಮಾತ್ರ ಸಣ್ಣ ವಿಭಾಗವೊಂದರ ವರ್ಷದ ಅನುದಾನವನ್ನು ಕಣ್ಣೆದುರೇ ಕರಗಿಸುವಂಥದ್ದು.

ಮೊದಲ ಅಳತೆ

ತಯಾರಾದ ಕಂದು ಹಾಲಿನಂಥ ದ್ರವವನ್ನು, ಬೆಳಕು ಹಾಯುವಷ್ಟು ತೆಳುವಾಗುವವರೆಗೆ ನೀರು ಸೇರಿಸಿ, ಪೋಲರಿಮೀಟರ್‌ನಲ್ಲಿ ಇಡಲಾಗಿತ್ತು. ಸೋಡಿಯಂ ದೀಪದ 589 ನ್ಯಾನೋಮೀಟರ್ ಬೆಳಕಿನಲ್ಲಿ ಸ್ಥಿರವಾದ ಓದು ಬಂದಿತು. ಒಣಗಿಸಿ ತೂಗಿದ ಕಣಗಳ ಪ್ರಮಾಣದಿಂದ ಅದನ್ನು ಭಾಗಿಸಿ ವಿಶಿಷ್ಟ ಆವರ್ತನೆಯನ್ನು, ಅಂದರೆ ನಿಗದಿತ ಪ್ರಮಾಣದ ಪದಾರ್ಥದ ಪಾಲಿಗೆ ಬರುವ ತಿರುವನ್ನು, ಲೆಕ್ಕ ಹಾಕಿದಾಗ ಮಾನೋಮರ್‌ಗಿಂತ ಹಲವು ಪಟ್ಟು ದೊಡ್ಡ ಸಂಖ್ಯೆ ಸಿಕ್ಕಿತು. ಒಂದೇ ದಿಕ್ಕಿನ ಸುರುಳಿಯಿರುವ ಪಾಲಿಮರ್‌ಗಳು ತಮ್ಮ ಮಾನೋಮರ್‌ಗಿಂತ ಬಹಳ ಹೆಚ್ಚು ತಿರುಗಿಸುತ್ತವೆ ಎಂಬುದು ಗೊತ್ತಿರುವ ಸಂಗತಿಯೇ ಆದ್ದರಿಂದ ಸಂಭ್ರಮಕ್ಕೆ ಕಾರಣವೂ ಇತ್ತು.

ನನ್ನ ಅನುಮಾನ ಹುಟ್ಟಿದ್ದು ಇಳುವರಿಯ ಅಂಕಿಯನ್ನು ನೋಡಿದಾಗ. ಹಾಕಿದ ಮಾನೋಮರ್‌ನ ತೂಕಕ್ಕೂ ಸಿಕ್ಕ ಕಣಗಳ ತೂಕಕ್ಕೂ ಹೊಂದಿಕೆಯಿರಲಿಲ್ಲ, ದೊಡ್ಡ ಪಾಲು ಎಲ್ಲೋ ಉಳಿದಿರಬೇಕಿತ್ತು. ಎರಡು ಅಮೈಡ್ ಮಾದರಿಯ ಗುಂಪುಗಳಿರುವ ಸಣ್ಣ ಅಣುವೊಂದು ಕ್ಲೋರೋಫಾರ್ಮ್ ಹನಿಯೊಳಗೇ ಕಟ್ಟುನಿಟ್ಟಾಗಿ ಕೂತಿರುತ್ತದೆ ಎಂದು ನಂಬುವುದು ಕಷ್ಟ. ಸ್ವಲ್ಪವಾದರೂ ನೀರಿಗೆ ಇಳಿಯುತ್ತದೆ. ನೀರಿಗೆ ಇಳಿದ ಮಾನೋಮರ್‌ಗೆ ಹನಿಯೊಳಗಿನ ಕ್ರಿಯಾವರ್ಧಕ ಸಿಗದ ಕಾರಣ ಅದು ಹಾಗೆಯೇ ಉಳಿಯುತ್ತದೆ. ಅದು ಎಲ್-ಅಲನಿನ್‌ನ ಮಗುವಾದ್ದರಿಂದ ಸುರುಳಿಯ ಹಂಗಿಲ್ಲದೆಯೇ ಬೆಳಕನ್ನು ತಿರುಗಿಸುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭವಿತ್ತು, ಏಕೆಂದರೆ ಕಣದಲ್ಲಿ ಕಾಂತಗುಣವಿದೆ. ದ್ರವದ ಸೀಸೆಯನ್ನು ಬಲವಾದ ನಿಯೋಡೈಮಿಯಂ ಕಾಂತದ ಮೇಲೆ ರಾತ್ರಿಯಿಡೀ ಇಟ್ಟಾಗ ಕಪ್ಪು ಕಣಗಳು ಒಂದು ಬದಿಗೆ ಅಂಟಿ, ಮೇಲಿನ ನೀರು ತಿಳಿಯಾಯಿತು. ಆ ತಿಳಿಯನ್ನು ಮೊದಲಿನಷ್ಟೇ ತೆಳುಮಾಡಿ ಪೋಲರಿಮೀಟರ್‌ನಲ್ಲಿಟ್ಟರೆ ಓದಿನಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಬೆಳಕನ್ನು ತಿರುಗಿಸಿದ್ದು ನೀರಿನಲ್ಲಿ ಉಳಿದ ಮಾನೋಮರ್. ಆ ಒಟ್ಟು ತಿರುವನ್ನು ಕಣಗಳ ಅಲ್ಪ ತೂಕದಿಂದ ಭಾಗಿಸಿದ್ದರಿಂದ ವಿಶಿಷ್ಟ ಆವರ್ತನೆ ಹಿಗ್ಗಿ ಕಂಡಿತ್ತು. ಇಳುವರಿ ಎಷ್ಟು ಕಡಿಮೆಯೋ ಸಂಖ್ಯೆ ಅಷ್ಟು ಆಕರ್ಷಕ, ಎಂಥ ವಿಚಿತ್ರ!

ಪೋಲರಿಮೀಟರ್ ಬಗ್ಗೆ ಇನ್ನೂ ಒಂದು ಮಾತು ಸೇರಿಸಬೇಕು. ಬಯೋ 1815ರಲ್ಲಿ ಸಾವಯವ ದ್ರವಗಳು ಬೆಳಕಿನ ತಲವನ್ನು ತಿರುಗಿಸುವುದನ್ನು ಗುರುತಿಸಿದಂದಿನಿಂದ, ಪಾಶ್ಚರ್ 1848ರಲ್ಲಿ ಟಾರ್ಟರಿಕ್ ಆಮ್ಲದ ಲವಣದ ಹರಳುಗಳನ್ನು ಎಡ-ಬಲ ಎಂದು ಬೇರ್ಪಡಿಸಿದ ಕಾಲವನ್ನು ದಾಟಿ ಇಂದಿನವರೆಗೂ, ಈ ಉಪಕರಣ ತಿಳಿಯಾದ ದ್ರಾವಣಗಳ ವಿಷಯದಲ್ಲಿ ನಂಬಿಗಸ್ತ. ಕಣಗಳು ಚದುರಿದ ದ್ರವದ ವಿಷಯದಲ್ಲಿ ಹಾಗೆ ಹೇಳಲಾಗದು. ಬೆಳಕು ಕಣಗಳಿಗೆ ಬಡಿದು ಚದುರಿದಾಗ ಅದರ ಧ್ರುವಣವೇ ಮಸುಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 589 ನ್ಯಾನೋಮೀಟರ್ ಎಂಬ ಒಂದೇ ಅಲೆಯುದ್ದದಲ್ಲಿ ಓದುವ ಪೋಲರಿಮೀಟರ್‌ಗೆ ತಿರುಗಿಸಿದವರು ಯಾರು ಎಂದು ಹೇಳುವ ಶಕ್ತಿಯಿಲ್ಲ. ಮಾನೋಮರ್, ಪಾಲಿಮರ್‌ನ ಪಕ್ಕದ ಗುಂಪು, ಬೆನ್ನೆಲುಬಿನ ಸುರುಳಿ ಮೂರೂ ಅಲ್ಲಿ ಒಂದೇ ಸಂಖ್ಯೆಯಾಗಿ ಬೆರೆತುಹೋಗುತ್ತವೆ.

ಎರಡನೆಯ ಅಳತೆ

ಸಿ.ಡಿ. ಉಪಕರಣದ ಹೆಚ್ಚುಗಾರಿಕೆ ಇಲ್ಲಿಯೇ ಇದೆ. ಎಡಕ್ಕೆ ಮತ್ತು ಬಲಕ್ಕೆ ತಿರುಗುವ ವೃತ್ತೀಯ ಧ್ರುವೀಕೃತ ಬೆಳಕನ್ನು ಮಾದರಿ ಎಷ್ಟೆಷ್ಟು ಹೀರುತ್ತದೆ ಎಂಬ ವ್ಯತ್ಯಾಸವನ್ನು ಅದು ಪ್ರತಿ ಅಲೆಯುದ್ದದಲ್ಲಿಯೂ ಅಳೆಯುತ್ತದೆ. ಹೀರಿಕೆಯ ಪಟ್ಟಿಯ ಬಳಿ ಕಾಣುವ ಈ ವರ್ತನೆಗೆ, ಅದನ್ನು 1895ರಲ್ಲಿ ವಿವರಿಸಿದ ಫ್ರಾನ್ಸಿನ ಏಮೆ ಕಾಟನ್ ಅವರ ಹೆಸರೇ ನಿಂತಿದೆ. ಪ್ರೊಪಾರ್ಜಿಲ್ ಅಮೈಡ್ ಪಾಲಿಮರ್‌ಗಳಲ್ಲಿ ಸುರುಳಿಯಾದ ಬೆನ್ನೆಲುಬು 390ರಿಂದ 400 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ. ಬಿಚ್ಚಿಕೊಂಡ ಸರಪಳಿಯ ಹೀರಿಕೆ 320ರ ಸುತ್ತ ಬೀಳುತ್ತದೆ. ಅಲನಿನ್ ಭಾಗವಾಗಲಿ ಮಾನೋಮರ್ ಆಗಲಿ 390ರ ಬಳಿ ಏನನ್ನೂ ಹೀರುವುದಿಲ್ಲ. ಆದ್ದರಿಂದ ಅಲ್ಲಿ ಸಿ.ಡಿ. ಸಂಕೇತ ಕಂಡರೆ ಅದು ಸುರುಳಿಯದೇ, ಮತ್ತು ಆ ಸುರುಳಿ ಒಂದು ದಿಕ್ಕಿಗೆ ವಾಲಿದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಅಂಥ ಸಂಕೇತ ಬೆಂಗಳೂರಿನಲ್ಲಿ ಕಾಣಲಿಲ್ಲ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಮಾತಿದೆಯಷ್ಟೆ. ವಿಭಾಗದವರ ಮೊದಲ ದೂರು ಬಿಸಿಲಿನ ಮೇಲೆ ಹೋಯಿತು. 40 ಡಿಗ್ರಿ ದಾಟಿದ ದಿನಗಳಲ್ಲಿ ಮಾಡಿದ ಕೆಲಸ, ಪ್ರೋಬ್ ಬಡಿಯುವಾಗ ಮಂಜುಗಡ್ಡೆ ಬೇಗ ಕರಗಿತ್ತು, ಪೊಟ್ಟಣ ಪ್ರಯಾಣದಲ್ಲಿ ಕಾದಿರಬಹುದು ಎಂದು. ಈ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಬಿಸಿಯಾದಷ್ಟೂ ಹೈಡ್ರೋಜನ್ ಬಂಧ ಸಡಿಲಗೊಂಡು ಸುರುಳಿ ಬಿಚ್ಚುತ್ತದೆ. ಆದರೆ ಅದು ತಣಿದ ಮೇಲೆ ಮರಳುವ ಬಿಚ್ಚುವಿಕೆ. ತಂಪಾದ ಅಳತೆ ಕೋಣೆಯಲ್ಲಿ ಓದಿದ ರೇಖೆಗೆ ಅದು ಕಾರಣವಾಗಲಾರದು. ಮರಳದಂಥ ಹಾನಿಯೆಂದರೆ ಸಿಸ್ ದ್ವಿಬಂಧಗಳು ಟ್ರಾನ್ಸ್ ರೂಪಕ್ಕೆ ಮಗುಚಿಕೊಳ್ಳುವುದು, ಇಲ್ಲವೇ ಗಾಳಿಯ ಆಮ್ಲಜನಕದಿಂದ ಸರಪಳಿ ತುಂಡಾಗುವುದು. ಇದನ್ನು ತಿಳಿಯಲು, ಅಣುವಿನ ಹೈಡ್ರೋಜನ್‌ಗಳ ನೆಲೆಯನ್ನು ಕಾಂತಕ್ಷೇತ್ರದಲ್ಲಿ ಗುರುತಿಸುವ ಎನ್‌ಎಂಆರ್ ಬೇಕು, ಕಾಂತಗುಣದ ಮ್ಯಾಗ್ನೆಟೈಟ್ ಇರುವ ಮಾದರಿಯಲ್ಲಿ ಎನ್‌ಎಂಆರ್ ಗೆರೆಗಳು ಕಲಸಿಹೋಗುತ್ತವೆ. ಅದೃಷ್ಟಕ್ಕೆ ವಿದ್ಯಾರ್ಥಿನಿ ಅದೇ ವಾರ ಕಬ್ಬಿಣವಿಲ್ಲದ ಜೋಡಿ ತಯಾರಿಕೆಯೊಂದನ್ನೂ ಮಾಡಿ, ಅದೇ ಕಪಾಟಿನಲ್ಲಿ ಒಣಗಿಸಿ ಇಟ್ಟಿದ್ದರು. ಅದರ ಎನ್‌ಎಂಆರ್‌ನಲ್ಲಿ ಸಿಸ್ ಬೆನ್ನೆಲುಬಿನ ಹೈಡ್ರೋಜನ್ 6 ಪಿಪಿಎಂ ಸುತ್ತ ಎಲ್ಲಿರಬೇಕೋ ಅಲ್ಲಿ, ಇರಬೇಕಾದ ಪ್ರಮಾಣದಲ್ಲಿಯೇ ಇತ್ತು. ಬಿಸಿಲು ನಿರಪರಾಧಿ.

ಅನಂತರದ ಅನುಮಾನ ಮಾನೋಮರ್‌ನ ಶುದ್ಧತೆಯ ಮೇಲೆ. ಕೂಡಿಕೆಯ ಹಂತದಲ್ಲಿ ಎಲ್ ರೂಪದ ಸ್ವಲ್ಪ ಭಾಗ ಡಿ ರೂಪಕ್ಕೆ ತಿರುಗಿದ್ದರೆ ಸುರುಳಿಗಳು ಎಡಬಲವಾಗಿ ಹಂಚಿಹೋಗಿರಬಹುದಲ್ಲ ಎಂಬ ವಾದ. ಬಾಕ್ ಗುಂಪಿನ ರಕ್ಷಣೆಯಿದ್ದಾಗ, ತಣ್ಣಗಿನ ಸ್ಥಿತಿಯಲ್ಲಿ ಈ ಅಪಾಯ ಕಡಿಮೆ. ಹಾಗೊಂದು ವೇಳೆ ಅಲ್ಪಸ್ವಲ್ಪ ಆಗಿದ್ದರೂ ಸಂಕೇತ ಪೂರ್ತಿ ಅಳಿಯುವುದಿಲ್ಲ. ಅಮೆರಿಕದ ಮಾರ್ಕ್ ಗ್ರೀನ್ ಪಾಲಿಐಸೊಸಯನೇಟ್‌ಗಳಲ್ಲಿ ತೋರಿಸಿಕೊಟ್ಟಂತೆ, ಎಡ-ಬಲ ಘಟಕಗಳು ಬೆರೆತ ಸರಪಳಿಯಲ್ಲಿ ಸಂಖ್ಯೆ ಹೆಚ್ಚಿದ್ದವರ ದಿಕ್ಕನ್ನೇ ಉಳಿದವರೂ ಹಿಡಿಯುವುದುಂಟು. ಮಾನೋಮರ್‌ನ ತಿಳಿ ದ್ರಾವಣದ ಆವರ್ತನೆಯನ್ನು ಮತ್ತೆ ಅಳೆದಾಗ ಅದೂ ಸರಿಯಾಗಿಯೇ ಇತ್ತು.

ಉಳಿದದ್ದು ಒಂದೇ ಪ್ರಶ್ನೆ. ಬೆಂಗಳೂರಿನಲ್ಲಿ ಮಾದರಿಯನ್ನು ಹೇಗೆ ಸಿದ್ಧಪಡಿಸಿದರು? ವರದಿಯಲ್ಲಿ ಅದರ ಉಲ್ಲೇಖವಿರಲಿಲ್ಲ, ಕಳಿಸಿದ ನಮೂನೆಯಲ್ಲಿಯೂ ದ್ರಾವಕದ ಅಂಕಣ ಖಾಲಿಯಿತ್ತು. ಫೋನಿನಲ್ಲಿ ವಿಚಾರಿಸಿದಾಗ ಉಪಕರಣ ನಡೆಸುವವರು ಮುಚ್ಚುಮರೆಯಿಲ್ಲದೆ ಹೇಳಿದರು: ಪುಡಿಯನ್ನು ಕ್ಲೋರೋಫಾರ್ಮ್‌ಗೆ ಹಾಕಿದರೆ ಮಸಿಯಂತಾಯಿತು, ಕಾಂತ ಹಿಡಿದರೂ ಕಬ್ಬಿಣ ಬೇರೆಯಾಗಲಿಲ್ಲ, ಆದ್ದರಿಂದ ಧಾರಾಳವಾಗಿ ಮೆಥನಾಲ್ ಸೇರಿಸಿ, ಕಪ್ಪು ಕಣಗಳು ಗಡ್ಡೆಗಟ್ಟಿದ ಮೇಲೆ ಕಾಂತದಿಂದ ಎಳೆದು, ಮೇಲಿನ ತಿಳಿಯನ್ನು ಓದಿಸಿದೆವು.

ನ್ಯಾನೋಕಣಗಳ ಕಸುಬಿನಲ್ಲಿ ಇದು ತಪ್ಪಿಲ್ಲದ ಕ್ರಮ. ಓಲಿಯಿಕ್ ಆಮ್ಲದ ಲೇಪವಿರುವ ಹತ್ತು ನ್ಯಾನೋಮೀಟರ್ ಕಣಗಳು ಕ್ಲೋರೋಫಾರ್ಮ್‌ನಲ್ಲಿ ಒಂದೊಂದಾಗಿ ತೇಲುತ್ತವೆ. ಅಷ್ಟು ಸಣ್ಣ ಕಣವನ್ನು ಕೈಯಲ್ಲಿ ಹಿಡಿಯುವ ಕಾಂತ ಎಳೆಯಲಾರದು. ನೀರಿನಲ್ಲಿದ್ದಾಗ ಪಾಲಿಮರ್ ಅವುಗಳನ್ನು ಗುಂಪಾಗಿ ಹಿಡಿದಿಟ್ಟಿದ್ದರಿಂದ ನಮ್ಮ ಕಾಂತ ಗೆದ್ದಿತ್ತು, ಕ್ಲೋರೋಫಾರ್ಮ್‌ನಲ್ಲಿ ಪಾಲಿಮರ್ ಕರಗಿದಾಗ ಆ ಗುಂಪು ಚದುರಿತು. ಆಗ ಮೆಥನಾಲ್ ಹಾಕಿ ಗಡ್ಡೆಗಟ್ಟಿಸುವುದನ್ನು ಎಲ್ಲ ಕಡೆ ಕಲಿಸುತ್ತಾರೆ. ಆದರೆ ಅದೇ ಮೆಥನಾಲ್ ಅಮೈಡ್ ಗುಂಪುಗಳಿಗೆ ತಾನೇ ಹೈಡ್ರೋಜನ್ ಬಂಧ ಕಟ್ಟಿಕೊಂಡು, ಅವುಗಳ ನಡುವಿನ ನಂಟನ್ನು ಮುರಿಯುತ್ತದೆ. ಕಬ್ಬಿಣವನ್ನು ತೆಗೆಯಲು ಹಾಕಿದ ದ್ರಾವಕ ಸುರುಳಿಯನ್ನೂ ತೆಗೆದಿತ್ತು. ಕಣಗಳ ಪರಿಣತರಿಗೆ ಮೆಥನಾಲ್ ತೊಳೆಯುವ ದ್ರವ, ಸುರುಳಿ ಪಾಲಿಮರ್‌ನವರಿಗೆ ಅದು ಸುರುಳಿ ಬಿಚ್ಚುವ ಸಾಧನ. ಹೈಬ್ರಿಡ್ ಪದಾರ್ಥದಲ್ಲಿ ಎರಡು ಕಸುಬುಗಳು ಸೇರುವಾಗ ಎರಡರ ವಾಡಿಕೆಗಳೂ ಸೇರುತ್ತವೆ, ಮತ್ತು ಒಂದರ ವಾಡಿಕೆ ಇನ್ನೊಂದನ್ನು ಕೆಡಿಸಬಲ್ಲುದೆಂಬುದನ್ನು ಯಾವ ಕೈಪಿಡಿಯೂ ಒಂದೇ ಪುಟದಲ್ಲಿ ಹೇಳಿರುವುದಿಲ್ಲ.

ಬಳ್ಳಾರಿಯಲ್ಲೇ ಆಗುವ ಪರೀಕ್ಷೆ

ಊಹೆಯನ್ನು ಖಚಿತಪಡಿಸಿಕೊಳ್ಳಲು ಬೆಂಗಳೂರಿಗೆ ಹೋಗುವ ಅಗತ್ಯವಿರಲಿಲ್ಲ. ಪದವಿ ತರಗತಿಗಳಿಗೂ ಬಳಸುವ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ಸಾಕಾಯಿತು. ಕಬ್ಬಿಣವಿಲ್ಲದ ಪಾಲಿಮರ್‌ನ ತೊಳೆದ ಪುಡಿಯನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದಾಗ ತಿಳಿ ಹಳದಿ ದ್ರಾವಣವಾಯಿತು, 390ರಿಂದ 400ರ ನಡುವೆ ಹೀರಿಕೆಯ ಗುಡ್ಡೆ ಸ್ಪಷ್ಟವಾಗಿ ಎದ್ದಿತ್ತು. ಮೆಥನಾಲ್ ಸೇರಿಸುತ್ತ ಹೋದಂತೆ ಆ ಗುಡ್ಡೆ ತಗ್ಗಿ, 320ರ ಕಡೆ ಇನ್ನೊಂದು ಏರಿತು, ಹಳದಿ ಬಣ್ಣ ಕಣ್ಣಿಗೇ ಕಾಣುವಷ್ಟು ಮಾಸಿತು. ದ್ರಾವಕವನ್ನು ನಿರ್ವಾತದಲ್ಲಿ ಬಿಸಿ ಮಾಡದೆ ಹಾರಿಸಿ, ಉಳಿದ ಪೊರೆಯನ್ನು ಹೊಸ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದಾಗ ಹಳದಿಯೂ 390ರ ಗುಡ್ಡೆಯೂ ಮರಳಿದವು. ಕ್ಲೋರೋಫಾರ್ಮ್ ಬಗ್ಗೆ ಒಂದು ಎಚ್ಚರ ಬೇಕು: ಹಳೆಯ ಬಾಟಲಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅಂಶ ಸೇರಿರುತ್ತದೆ, ಆಮ್ಲ ಬಾಕ್ ಗುಂಪನ್ನು ಕತ್ತರಿಸಬಲ್ಲುದು. ಪೊಟ್ಯಾಸಿಯಂ ಕಾರ್ಬೊನೇಟ್ ಮೇಲೆ ಒಣಗಿಸಿ ಸೋಸಿದ ದ್ರಾವಕವನ್ನೇ ಬಳಸಬೇಕು.

ಅನಂತರ ಹೈಬ್ರಿಡ್ ಪುಡಿಯ ಸರದಿ. ಮೆಥನಾಲ್ ಇಲ್ಲದೆ ಕಬ್ಬಿಣ ಬೇರೆಯಾಗುವುದಿಲ್ಲ ಎಂಬುದು ನಿಜವಾದ್ದರಿಂದ ಕೇಂದ್ರದವರ ಕ್ರಮವನ್ನೇ ಉಳಿಸಿಕೊಂಡು ಒಂದು ಹಂತವನ್ನು ಸೇರಿಸಲಾಯಿತು. ಗಡ್ಡೆಗಟ್ಟಿದ ಕಬ್ಬಿಣವನ್ನು ಎಳೆದ ಮೇಲೆ ತಿಳಿಯನ್ನು ಒಣಗಿಸಿ, ಮತ್ತೆ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಅದನ್ನು ಸಿ.ಡಿ.ಗೆ ಕಳಿಸುವುದು. ಜೊತೆಗೆ ಬಿಟ್ಟುಬಂದ ಓಲಿಯಿಕ್ ಆಮ್ಲ ಕೈರಲ್ ಅಲ್ಲ, 390ರ ಬಳಿ ಬೆಳಕನ್ನು ಹೀರುವುದೂ ಇಲ್ಲ, ಆದ್ದರಿಂದ ಅದರಿಂದ ತೊಂದರೆಯಿಲ್ಲ. ಡಿ-ಅಲನಿನ್‌ನಿಂದ ತಯಾರಿಸಿದ ಕಣಗಳನ್ನೂ, ಎಲ್ ಮತ್ತು ಡಿ ಸಮವಾಗಿ ಬೆರೆಸಿ ತಯಾರಿಸಿದ ಕಣಗಳನ್ನೂ ಜೊತೆಗೆ ಕಳಿಸಲು ನಾನು ಒತ್ತಾಯಿಸಿದೆ. ಡಿ ರೂಪಕ್ಕೆ ಬೆಲೆ ಹೆಚ್ಚು, ಖರ್ಚು ಬೇಕೇ ಎಂದು ಮಾರ್ಗದರ್ಶಕರು ಹಿಂಜರಿದದ್ದು ಸಹಜ. ಆದರೆ ಕನ್ನಡಿ ಬಿಂಬವಿಲ್ಲದ ಒಂಟಿ ಸಿ.ಡಿ. ರೇಖೆಯನ್ನು, ಅದೂ ಕಣಗಳ ಕ್ಷೇತ್ರದಲ್ಲಿ, ನಾನು ಒಪ್ಪುವುದಿಲ್ಲ. ಚದುರಿಕೆಯಿಂದಲೋ ಪೊರೆಯಲ್ಲಿ ಸರಪಳಿಗಳು ಒಂದೇ ಕಡೆ ಮಲಗಿರುವುದರಿಂದಲೋ ಹುಟ್ಟುವ ಸುಳ್ಳು ಸಂಕೇತ, ಮಾನೋಮರ್‌ನ ರೂಪ ಬದಲಿಸಿದೊಡನೆ ಚಿಹ್ನೆ ಬದಲಿಸುವ ನಿಯಮವನ್ನು ಪಾಲಿಸಬೇಕಾಗಿಲ್ಲ. ನಿಜವಾದ ಸುರುಳಿಯ ಸಂಕೇತ ಪಾಲಿಸಲೇಬೇಕು.

ಬಂದ ರೇಖೆಗಳು ವಾದಕ್ಕೆ ಎಡೆ ಉಳಿಸಲಿಲ್ಲ. ಎಲ್ ಮತ್ತು ಡಿ ಮಾದರಿಗಳು 390ರ ಬಳಿ ಸೊನ್ನೆಯ ಗೆರೆಯ ಮೇಲೊಂದು ಕೆಳಗೊಂದು ನಿಂತವು. ಸಮಮಿಶ್ರಣದ ಮಾದರಿ ಯುವಿ ಹೀರಿಕೆಯಲ್ಲಿ ಸುರುಳಿಯ ಗುಡ್ಡೆಯನ್ನು ತೋರಿಸುತ್ತಲೇ ಸಿ.ಡಿ.ಯಲ್ಲಿ ಸೊನ್ನೆಯಾಗಿತ್ತು. ಸುರುಳಿಯ ಇರವು ಮತ್ತು ಅದರ ದಿಕ್ಕು ಎರಡು ಬೇರೆ ಪ್ರಶ್ನೆಗಳೆಂದು ಮೊದಲು ಹೇಳಿದ್ದು ಇದೇ ಕಾರಣಕ್ಕೆ.

ಇತ್ಯರ್ಥವಾಗದ ಭಾಗ

ಇಷ್ಟರಿಂದ ಸಾಬೀತಾದದ್ದು ಕಣದಿಂದ ಹೊರತೆಗೆದ ಪಾಲಿಮರ್ ಕ್ಲೋರೋಫಾರ್ಮ್‌ನಲ್ಲಿ ಒಂದೇ ದಿಕ್ಕಿನ ಸುರುಳಿಯಾಗಿದೆ ಎಂಬುದು ಮಾತ್ರ. ನೀರಿನಲ್ಲಿ ತೇಲುವ ಕಣದೊಳಗೆ, ಕಬ್ಬಿಣದ ಮಗ್ಗುಲಲ್ಲಿ ಅದು ಹಾಗೆಯೇ ಇದೆಯೇ ಎಂಬುದು ಇದರಿಂದ ತಿಳಿಯುವುದಿಲ್ಲ. ಈ ಪದಾರ್ಥದ ಉಪಯೋಗವೆಲ್ಲ ಇರುವುದು ಕಣದ ರೂಪದಲ್ಲಿಯೇ. ಅಮೈನೋ ಆಮ್ಲದ ಎಡ-ಬಲ ರೂಪಗಳು ಬೆರೆತ ದ್ರಾವಣದಲ್ಲಿ ಇಂಥ ಕಣಗಳನ್ನು ಹಾಕಿದರೆ ಒಂದು ರೂಪ ಮುಂಚಿತವಾಗಿ ಹರಳುಗಟ್ಟುವಂತೆ ಮಾಡಬಹುದು, ಕೆಲಸ ಮುಗಿದ ಮೇಲೆ ಕಾಂತದಿಂದ ಕಣಗಳನ್ನು ಹಿಂದಕ್ಕೆ ಪಡೆಯಬಹುದು ಎಂಬುದು ಯೋಜನೆಯ ಮೂಲ ಆಶಯ. ಕಣದ ಸ್ಥಿತಿಯಲ್ಲಿಯೇ ಸಿ.ಡಿ. ಅಳೆಯಲು ಯತ್ನಿಸಿದಾಗ ಮ್ಯಾಗ್ನೆಟೈಟ್ ಅಡ್ಡ ಬಂದಿತು. ಅದು ಕಾಣುವ ಬೆಳಕಿನುದ್ದಕ್ಕೂ ಹೀರುವ ಕಪ್ಪು ಪದಾರ್ಥವಾದ್ದರಿಂದ 390ರ ಬಳಿ ಡಿಟೆಕ್ಟರ್‌ಗೆ ಬೆಳಕೇ ತಲುಪದೆ ಅದರ ವೋಲ್ಟೇಜ್ ಮಿತಿ ಮೀರುತ್ತಿತ್ತು. ತೆಳುಮಾಡಿದರೆ ಸಂಕೇತವೇ ಗದ್ದಲದಲ್ಲಿ ಮುಳುಗುತ್ತಿತ್ತು.

ಕಬ್ಬಿಣವಿಲ್ಲದ ಕಣಗಳನ್ನು ನೀರಿನಲ್ಲಿಯೇ ಅಳೆದಾಗ 390ರ ಸಂಕೇತ, ಚದುರಿಕೆಯ ಇಳಿಜಾರಿನ ಮೇಲೆ ಕೂತಂತೆ, ಗುರುತಿಸುವಷ್ಟು ಕಂಡಿತು, ಡಿ ಮಾದರಿಯಲ್ಲಿ ಅದು ತಿರುವುಮುರುವಾಯಿತು. ಕಣದೊಳ ಭಾಗ ನೀರಿಗೆ ದೂರವಾದದ್ದರಿಂದ ಹೈಡ್ರೋಜನ್ ಬಂಧಗಳು ಉಳಿದಿವೆ ಎಂದು ಇದನ್ನು ಓದಬಹುದು. ಹೈಬ್ರಿಡ್ ಕಣಕ್ಕೂ ಇದೇ ತೀರ್ಮಾನವನ್ನು ವಿಸ್ತರಿಸಿ ಬರೆಯಲು ಪ್ರಬಂಧದ ಮೊದಲ ಕರಡಿನಲ್ಲಿ ಮನಸ್ಸು ಮಾಡಿದ್ದರು. ಆ ವಾಕ್ಯವನ್ನು ತೆಗೆಸಲಾಯಿತು. ಹೈಬ್ರಿಡ್ ಕಣಕ್ಕೆ ಬೇಕಾದ ಪರೀಕ್ಷೆಯನ್ನು ಬೆಳಕು ಹೀರದ ಅಜೈವಿಕ ಪದಾರ್ಥದ ಮೇಲೆ ಮೊದಲು ಮಾಡುವುದು ಲೇಸು ಎಂಬ ಅಭಿಪ್ರಾಯಕ್ಕೆ ಬಂದು, ಮ್ಯಾಗ್ನೆಟೈಟ್ ಬದಲು ಸಿಲಿಕಾ ಬಳಸಿದ ಸರಣಿಯನ್ನು ಈಗ ಆರಂಭಿಸಿದ್ದಾರೆ. ನೀರಿಗೆ ಸೋರಿಹೋಗುವ ಮಾನೋಮರ್‌ನ ತೊಂದರೆಗೆ, ಅಲನಿನ್‌ಗಿಂತ ಹೆಚ್ಚು ನೀರು ದೂರವಾದ ವ್ಯಾಲಿನ್ ಮೂಲದ ಮಾನೋಮರ್ ತಯಾರಾಗುತ್ತಿದೆ. ಪ್ರತಿ ತಯಾರಿಕೆಯ ಕಣಗಳನ್ನೂ ಕಾಂತದಿಂದಲೋ ಸೆಂಟ್ರಿಫ್ಯೂಜ್‌ನಿಂದಲೋ ಇಳಿಸಿ, ತೊಳೆದ ನೀರು ಪೋಲರಿಮೀಟರ್‌ನಲ್ಲಿ ಸೊನ್ನೆ ಓದುವವರೆಗೆ ತೊಳೆಯುವ ನಿಯಮ ಜಾರಿಗೆ ಬಂದಿದೆ, ಮತ್ತು ಬೆಂಗಳೂರಿಗೆ ಹೋಗುವ ಪ್ರತಿ ಸೀಸೆಯ ಮೇಲೂ ಕೊನೆಯ ದ್ರಾವಕ ಕ್ಲೋರೋಫಾರ್ಮ್ ಮಾತ್ರ ಎಂಬ ಚೀಟಿ ಅಂಟಿರುತ್ತದೆ.